ನಿಧಾನಗತಿಯ ಡೀಸೆಲ್ ಎಂಜಿನ್ ಜನರೇಟರ್: ಚಾಲನೆ, ಪಾಲನೆ ಮತ್ತು ಮಿತಿಗಳು

1953ರಲ್ಲಿ ತುಂಗಭದ್ರಾ ಜಲಾಶಯದ ನೀರು ನಾಲೆಗಳಲ್ಲಿ ಹರಿಯಲಾರಂಭಿಸಿದ ತರುವಾಯ ಎಡದಂಡೆಯ ಪ್ರದೇಶದಲ್ಲಿ ಭತ್ತದ ಬೇಸಾಯ ವಿಸ್ತರಿಸಿತು. ಅದರ ಬೆನ್ನಿಗೇ ಗಂಗಾವತಿ, ಶ್ರೀರಾಮನಗರ, ಕಾರಟಗಿಗಳಲ್ಲಿ ಅಕ್ಕಿ ಗಿರಣಿಗಳು ಬೆಳೆದವು. ಇಂದು ಈ ಗಿರಣಿಗಳ ಮುಖ್ಯ ಯಂತ್ರಗಳೆಲ್ಲ ವಿದ್ಯುತ್ತಿನಿಂದ ನಡೆಯುತ್ತವೆ. ಆದರೂ ಅನೇಕ ಹಳೆಯ ಗಿರಣಿಗಳ ಮೂಲೆಯಲ್ಲಿ, ಹಾಗೆಯೇ ಕುಷ್ಟಗಿ ಮತ್ತು ಯಲಬುರ್ಗಾ ಕಡೆಯ ಹಿಟ್ಟಿನ ಗಿರಣಿಗಳಲ್ಲಿ, ಎರಡು ದೊಡ್ಡ ಫ್ಲೈವೀಲುಗಳನ್ನು ಹೊತ್ತ ಒಂದು ಎರಕದ ಎಂಜಿನ್ ಇನ್ನೂ ಉಳಿದಿರುವುದುಂಟು. ಅದಕ್ಕೆ ಬೆಲ್ಟಿನ ಮೂಲಕ ಆಲ್ಟರ್ನೇಟರ್ ಜೋಡಿಸಿ, ವಿದ್ಯುತ್ ಕಡಿತವಾದಾಗ ಬಳಸುವ ಪರಿಪಾಠವಿದೆ.

ಕುಚ್ಚಲಕ್ಕಿ ಮಾಡುವ ಗಿರಣಿಗೆ ವಿದ್ಯುತ್ ಕಡಿತವೆಂದರೆ ಕೇವಲ ಕತ್ತಲೆಯಲ್ಲ. ನೆನೆಹಾಕಿದ ಭತ್ತ ಸಕಾಲಕ್ಕೆ ಬೇಯದಿದ್ದರೆ, ಬೆಂದ ಭತ್ತ ಸಕಾಲಕ್ಕೆ ಒಣಗದಿದ್ದರೆ, ಅಕ್ಕಿಗೆ ವಾಸನೆ ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ದರ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕುಲುಮೆಯೊಳಗಿನ ಹೊಟ್ಟಿನ ಬೆಂಕಿ ವಿದ್ಯುತ್ತಿನೊಡನೆ ಆರಿಹೋಗುವುದಿಲ್ಲ. ಬಾಯ್ಲರಿಗೆ ನೀರುಣಿಸುವ ಪಂಪು ನಿಂತರೆ ನೀರಿನ ಮಟ್ಟ ಇಳಿಯುತ್ತ ಹೋಗುತ್ತದೆ. ಇಂತಹ ಹೊತ್ತಿನಲ್ಲಿ ಮೂಲೆಯ ಎಂಜಿನ್ ಮೊದಲ ಯತ್ನದಲ್ಲೇ ನಡೆಯಬೇಕು. ಆದರೆ ಅನುಭವ ಹೇಳುವುದೇನೆಂದರೆ, ದುಡಿದು ಸವೆದ ಎಂಜಿನ್ನಿಗಿಂತ ಸುಮ್ಮನೆ ನಿಂತ ಎಂಜಿನ್ನೇ ಹೆಚ್ಚಾಗಿ ಕೈಕೊಡುತ್ತದೆ. ಅದನ್ನು ಚಾಲೂ ಮಾಡುವ ವಿದ್ಯೆ ಒಬ್ಬನೇ ಹಳೆಯ ಡ್ರೈವರನ ಕೈಯಲ್ಲಿದ್ದು, ಅವನು ಊರಿಗೆ ಹೋದ ದಿನವೇ ಕರೆಂಟು ಹೋಗುವುದೂ ಉಂಟು. ಈ ಎರಡು ದೋಷಗಳನ್ನು ತಪ್ಪಿಸುವ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಎಂಜಿನ್ನಿನ ಹಿನ್ನೆಲೆ

ನಮ್ಮಲ್ಲಿ ಕಾಣುವ ನಿಧಾನಗತಿಯ ಎಂಜಿನ್ನುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದ ಡರ್ಸ್‌ಲಿ ಪಟ್ಟಣದ ಲಿಸ್ಟರ್ ಕಂಪನಿಯ ವಿನ್ಯಾಸದವು. 1867ರಲ್ಲಿ ಸ್ಥಾಪಿತವಾದ ಈ ಕಂಪನಿ 1929-30ರ ಹೊತ್ತಿಗೆ 'ಸಿ.ಎಸ್.' ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದಿತು. 'ಕೋಲ್ಡ್ ಸ್ಟಾರ್ಟ್' ಎಂಬುದರ ಸಂಕ್ಷೇಪವೇ ಸಿ.ಎಸ್. ಅದಕ್ಕೆ ಮೊದಲಿನ ಅನೇಕ ಎಣ್ಣೆ ಎಂಜಿನ್ನುಗಳ ತಲೆಯನ್ನು ಬ್ಲೋಲ್ಯಾಂಪಿನಿಂದ ಕಾಯಿಸಿದ ನಂತರವೇ ಚಾಲೂ ಮಾಡಬೇಕಾಗುತ್ತಿತ್ತು. ತಣ್ಣಗಿರುವಾಗಲೇ ಕೈಯಿಂದ ತಿರುಗಿಸಿ ನಡೆಸಬಹುದೆಂಬುದು ಈ ಮಾದರಿಯ ಹೆಗ್ಗಳಿಕೆಯಾಗಿತ್ತು. ಮೊದಲು ನಿಮಿಷಕ್ಕೆ 600 ಸುತ್ತಿನ 5 ಅಶ್ವಶಕ್ತಿ, ಮುಂದೆ 650 ಸುತ್ತಿನ 6 ಅಶ್ವಶಕ್ತಿ ಮತ್ತು 850 ಸುತ್ತಿನ 8 ಅಶ್ವಶಕ್ತಿಯ ಒಂಟಿ ಸಿಲಿಂಡರ್ ಮಾದರಿಗಳು, ಅವುಗಳ ಜೋಡಿ ಸಿಲಿಂಡರ್ ರೂಪಗಳು ಬಂದವು. ಡರ್ಸ್‌ಲಿಯಲ್ಲಿ ಇವುಗಳ ತಯಾರಿಕೆ 1987ರಲ್ಲಿ ನಿಂತಿತು. ಆದರೆ ಅದೇ ವಿನ್ಯಾಸವನ್ನು ಗುಜರಾತಿನ ರಾಜ್‌ಕೋಟ್‌ನ ಕಾರ್ಖಾನೆಗಳು ಮುಂದುವರಿಸಿದವು. ಆದುದರಿಂದ ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎಂಜಿನ್ನುಗಳ ಒಳಗಿನ ಅಳತೆಗಳು ಒಂದೇ ಆಗಿರುವುದಿಲ್ಲ. ಕೆಲವಕ್ಕೆ ಹೆಡ್ಡಿನಲ್ಲಿ ಪ್ರತ್ಯೇಕ ದಹನಕೋಶವಿದ್ದರೆ, ಇನ್ನು ಕೆಲವಲ್ಲಿ ಇಂಧನ ನೇರವಾಗಿ ಪಿಸ್ಟನ್ನಿನ ಮೇಲೆ ಸಿಂಪಡಣೆಯಾಗುತ್ತದೆ. ಒಂದರ ನಾಜಲ್ ಇನ್ನೊಂದಕ್ಕೆ ಹೊಂದದು. ಬಿಡಿಭಾಗ ತರಿಸುವಾಗ ಹಳೆಯ ಭಾಗವನ್ನೂ ಎಂಜಿನ್ನಿನ ನಾಮಫಲಕದ ವಿವರವನ್ನೂ ಒಟ್ಟಿಗೆ ಒಯ್ಯುವುದು ಕ್ಷೇಮ.

ನಿಧಾನಗತಿಯ ಲಾಭವೇನು

6 ಅಶ್ವಶಕ್ತಿಯ ಲಿಸ್ಟರ್ ಮಾದರಿಯ ಸಿಲಿಂಡರಿನ ವ್ಯಾಸ 114.3 ಮಿ.ಮೀ., ಪಿಸ್ಟನ್ನಿನ ಓಟ 139.7 ಮಿ.ಮೀ. ನೀರೆತ್ತಲು ನಮ್ಮಲ್ಲಿ ಬಳಕೆಯಲ್ಲಿರುವ 1500 ಸುತ್ತಿನ 5 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಈ ಅಳತೆಗಳು 80 ಮತ್ತು 110 ಮಿ.ಮೀ. ಇರುತ್ತವೆ. ಹೆಚ್ಚುಕಡಿಮೆ ಅಷ್ಟೇ ಶಕ್ತಿಗಾಗಿ ಮೊದಲನೆಯದು ದೊಡ್ಡ ಒಡಲಿನಿಂದ ಮೆಲ್ಲನೆ ದುಡಿಯುತ್ತದೆ, ಎರಡನೆಯದು ಚಿಕ್ಕ ಒಡಲಿನಿಂದ ಬಿರುಸಾಗಿ ದುಡಿಯುತ್ತದೆ. ನಿಧಾನಗತಿಯ ಎಂಜಿನ್ನಿನಲ್ಲಿ ಒಂದು ಗಂಟೆಗೆ ಆಗುವ ಉಜ್ಜಾಟ ಕಡಿಮೆ. ಬೇರಿಂಗ್, ರಿಂಗ್, ವಾಲ್ವುಗಳು ದಪ್ಪವಾಗಿದ್ದು ಸಾಮಾನ್ಯ ಸಾಧನಗಳಿಂದ ಬಿಚ್ಚಿ ಜೋಡಿಸಲು ಸಾಧ್ಯ. ಇದಕ್ಕೆ ಪ್ರತಿಯಾಗಿ ಅದು ಭಾರವಾದ ಯಂತ್ರ, ಹೆಚ್ಚು ಜಾಗ ಬೇಡುತ್ತದೆ, ಅದುರುತ್ತದೆ. ಗಟ್ಟಿಯಾದ ಕಾಂಕ್ರೀಟ್ ತಳಪಾಯವಿಲ್ಲದೆ ಅದನ್ನು ನಡೆಸಬಾರದು.

ಎಷ್ಟು ಹೊರೆ ಹೊರಬಲ್ಲದು

ಇಲ್ಲಿಯೇ ಬಹಳಷ್ಟು ಮಂದಿ ತಪ್ಪು ಲೆಕ್ಕ ಹಾಕುತ್ತಾರೆ. 6 ಅಶ್ವಶಕ್ತಿ ಎಂದರೆ ಸುಮಾರು 4.5 ಕಿಲೋವ್ಯಾಟ್. ಬೆಲ್ಟು ಮತ್ತು ಆಲ್ಟರ್ನೇಟರಿನ ನಷ್ಟ ಕಳೆದರೆ ವಿದ್ಯುತ್ತಾಗಿ ಕೈಗೆ ಬರುವುದು 3ರಿಂದ 3.5 ಕಿಲೋವ್ಯಾಟ್ ಮಾತ್ರ. ಮೋಟಾರು ನೇರವಾಗಿ ಚಾಲೂ ಆಗುವಾಗ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟನ್ನು ಕ್ಷಣಕಾಲ ಎಳೆಯುತ್ತದೆ. ಆದುದರಿಂದ ಆಲ್ಟರ್ನೇಟರಿನ ಸಾಮರ್ಥ್ಯದ ಮೂರನೆಯ ಒಂದು ಭಾಗಕ್ಕಿಂತ ದೊಡ್ಡ ಮೋಟಾರನ್ನು ಅದಕ್ಕೆ ಹಚ್ಚದಿರುವುದು ಒಳಿತು. ಈ ಲೆಕ್ಕದಂತೆ 6 ಅಶ್ವಶಕ್ತಿಯ ಎಂಜಿನ್ ದೀಪಗಳನ್ನೂ, ತೂಕದ ಸೇತುವೆಯನ್ನೂ, 1 ಅಶ್ವಶಕ್ತಿಯ ಒಂದು ಪಂಪನ್ನೂ ನಿಭಾಯಿಸಬಲ್ಲದು. 850 ಸುತ್ತಿನ 16 ಅಶ್ವಶಕ್ತಿಯ ಜೋಡಿ ಸಿಲಿಂಡರ್ ಎಂಜಿನ್ನಿನಿಂದ ಸುಮಾರು 9 ಕಿಲೋವ್ಯಾಟ್ ದೊರೆಯುವುದರಿಂದ 3 ಅಶ್ವಶಕ್ತಿಯ ಬಾಯ್ಲರ್ ಪಂಪನ್ನು ನಡೆಸಬಹುದು. ಇಡೀ ಗಿರಣಿಯನ್ನು ನಡೆಸುವ ಆಸೆ ಮಾತ್ರ ಸಲ್ಲದು.

ಪಂಪು ಅಥವಾ ಹಲ್ಲರ್ ಎಂಜಿನ್ನಿನ ಸಮೀಪವೇ ಇದ್ದಲ್ಲಿ ಬೆಲ್ಟನ್ನು ನೇರವಾಗಿ ಅದಕ್ಕೇ ಹಚ್ಚುವುದು ಲಾಭಕರ. ಆಗ ಆಲ್ಟರ್ನೇಟರ್ ಮತ್ತು ಮೋಟಾರು ಎರಡರ ನಷ್ಟವೂ ಉಳಿಯುತ್ತದೆ.

ನಾಲ್ಕು ಧ್ರುವಗಳ ಆಲ್ಟರ್ನೇಟರ್ 50 ಹರ್ಟ್ಸ್ ಕೊಡಬೇಕಾದರೆ ನಿಮಿಷಕ್ಕೆ 1500 ಸುತ್ತು ತಿರುಗಬೇಕು. ಎಂಜಿನ್ 650 ಸುತ್ತಿನದಾದರೆ ಪುಲ್ಲಿಗಳ ಅನುಪಾತ 2.31 ಇರಬೇಕಾಗುತ್ತದೆ. ಎಂಜಿನ್ನಿನ ಪುಲ್ಲಿ 18 ಇಂಚಿನದಾದರೆ ಆಲ್ಟರ್ನೇಟರಿನದು ಸುಮಾರು 7.8 ಇಂಚು. ಬೆಲ್ಟಿನ ಜಾರುವಿಕೆಯನ್ನೂ ಹೊರೆ ಬಿದ್ದಾಗ ವೇಗ ಕೊಂಚ ಇಳಿಯುವುದನ್ನೂ ಗಮನಿಸಿ, ಬರಿದಾಗಿ ಓಡುವಾಗ 51-52 ಹರ್ಟ್ಸ್ ಬರುವಂತೆ ಗವರ್ನರನ್ನು ಹೊಂದಿಸಿದರೆ ಪೂರ್ಣ ಹೊರೆಯಲ್ಲಿ 50ರ ಆಸುಪಾಸಿಗೆ ನಿಲ್ಲುತ್ತದೆ. ಆವರ್ತನ ತೋರಿಸುವ ಮೀಟರು ಇಲ್ಲದೆ ಕಿವಿಯ ಅಂದಾಜಿನ ಮೇಲೆ ಇದನ್ನು ಮಾಡಬಾರದು. 650 ಸುತ್ತಿನ ಒಂಟಿ ಸಿಲಿಂಡರಿನಲ್ಲಿ ಸೆಕೆಂಡಿಗೆ ಐದಾರು ಬಾರಿ ಮಾತ್ರ ದಹನ ನಡೆಯುವುದರಿಂದ ದೀಪ ತುಸು ಮಿಡಿಯುವುದು ಸಹಜ. ಕಂಪ್ಯೂಟರನ್ನು ಯು.ಪಿ.ಎಸ್. ಮೂಲಕವೇ ನಡೆಸಬೇಕು.

ಚಾಲೂ ಮಾಡುವ ಮುನ್ನ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಸುಮಾರು 16-18 ಪಟ್ಟು ಒತ್ತಿದಾಗ ಅದರ ಉಷ್ಣಾಂಶ 500 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಆ ಬಿಸಿಗೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಒತ್ತುವಿಕೆ ನಿಧಾನವಾದರೆ ಗಾಳಿ ರಿಂಗುಗಳ ಸಂದಿಯಿಂದ ಸೋರುತ್ತದೆ, ಬಿಸಿ ತಣ್ಣನೆಯ ಲೋಹಕ್ಕೆ ಇಳಿದುಹೋಗುತ್ತದೆ, ದಹನವಾಗುವುದಿಲ್ಲ. ಆದುದರಿಂದಲೇ ಮೊದಲು ಡಿಕಂಪ್ರೆಷನ್ ಲಿವರಿನಿಂದ ವಾಲ್ವನ್ನು ತೆರೆದಿಟ್ಟು, ಒತ್ತಡವಿಲ್ಲದೆ ಫ್ಲೈವೀಲಿಗೆ ವೇಗ ತುಂಬಿ, ಅನಂತರ ಲಿವರನ್ನು ಬಿಡುವುದು. ಫ್ಲೈವೀಲಿನಲ್ಲಿ ಕೂಡಿದ ಬಲವೇ ಮೊದಲ ಒತ್ತುವಿಕೆಯನ್ನು ದಾಟಿಸುತ್ತದೆ. ಈ ತತ್ತ್ವ ಮನದಟ್ಟಾದರೆ ತೋಳಿನ ಬಲಕ್ಕಿಂತ ಕ್ರಮವೇ ಮುಖ್ಯವೆಂಬುದು ತಿಳಿಯುತ್ತದೆ.

ಪ್ರತಿ ಸಲವೂ ಈ ಕೆಳಗಿನ ಪರಿಶೀಲನೆ ನಡೆಯತಕ್ಕದ್ದು:

1. ಆಲ್ಟರ್ನೇಟರಿನ ಮುಖ್ಯ ಸ್ವಿಚ್ ಆಫ್ ಆಗಿರಬೇಕು.
2. ಎಣ್ಣೆಕಡ್ಡಿಯಲ್ಲಿ ಆಯಿಲಿನ ಮಟ್ಟ ಗುರುತಿನೊಳಗಿರಬೇಕು. ಕೈಯಿಂದ ಎಣ್ಣೆ ಬಿಡುವ ಮಾದರಿಗಳಲ್ಲಿ ರಾಕರ್ ಮತ್ತು ವಾಲ್ವಿನ ಕಾಂಡಗಳಿಗೆ ಕೆಲವು ಹನಿ ಬಿಡಬೇಕು.
3. ತಂಪುನೀರಿನ ಡ್ರಮ್ಮಿನಲ್ಲಿ ನೀರು ಮೇಲಿನ ಕೊಳವೆಯ ಬಾಯಿಗಿಂತ ಮೇಲಿರಬೇಕು.
4. ಇಂಧನದ ಕಾಕ್ ತೆರೆದು, ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಗಾಳಿ ಹೊರಬಿಡಬೇಕು. ಬಳಿಕ ಪಂಪಿನಲ್ಲೂ ಹಾಗೆಯೇ ಮಾಡಬೇಕು.
5. ಪಂಪನ್ನು ಕೈಯಿಂದ ಮೀಟಿದಾಗ ಇಂಜೆಕ್ಟರಿನಿಂದ 'ಕರ್' ಎಂಬ ಸದ್ದು ಕೇಳಿಸಬೇಕು. ಮೂರು-ನಾಲ್ಕು ಬಾರಿಗಿಂತ ಹೆಚ್ಚು ಮೀಟಿದರೆ ಸಿಲಿಂಡರಿನೊಳಗೆ ಡೀಸೆಲ್ ನಿಂತು ಅಪಾಯವಾದೀತು.
6. ಫ್ಲೈವೀಲಿನ ಕೀ, ತಳಪಾಯದ ಬೋಲ್ಟುಗಳು, ಬೆಲ್ಟಿನ ಜಾಲರಿ ಭದ್ರವಾಗಿವೆಯೇ ಎಂದು ನೋಡಬೇಕು.

ಕೈಯಿಂದ ಚಾಲೂ ಮಾಡುವ ಕ್ರಮ

ಪಂಚೆ, ಹೆಗಲ ಮೇಲಿನ ಟವೆಲು, ಸಡಿಲ ತೋಳಿನ ಅಂಗಿಗಳೊಡನೆ ಎಂಜಿನ್ನಿನ ಬಳಿ ಹೋಗಕೂಡದು. ಹ್ಯಾಂಡಲ್ ಕೂರುವ ದಂಡದ ತುದಿಯನ್ನು ಒರೆಸಿ ತೆಳುವಾಗಿ ಗ್ರೀಸ್ ಹಚ್ಚಬೇಕು. ಎಂಜಿನ್ ಹೊತ್ತಿಕೊಂಡೊಡನೆ ಹ್ಯಾಂಡಲ್ ತಾನಾಗಿ ಜಾರಿ ಕೈಗೆ ಬರಬೇಕು. ಸವೆದ ಅಥವಾ ತುಕ್ಕು ಹಿಡಿದ ಹ್ಯಾಂಡಲ್ ದಂಡಕ್ಕೆ ಕಚ್ಚಿಕೊಂಡರೆ ಅದು ನಿಮಿಷಕ್ಕೆ 650 ಸುತ್ತು ಬೀಸುವ ಗದೆಯಾಗುತ್ತದೆ. ಹಾಗಾದಲ್ಲಿ ಅದನ್ನು ಹಿಡಿಯಲು ಹೋಗದೆ ದೂರ ಸರಿದು, ಹ್ಯಾಂಡಲಿನ ಸುತ್ತಿಗೆ ಸಿಲುಕದ ಬದಿಯಿಂದ ಇಂಧನ ನಿಲ್ಲಿಸಬೇಕು.

ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಬದಿಯಲ್ಲೇ ಇರಬೇಕು, ಸುತ್ತಿಕೊಂಡಿರಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು, ಮಣಿಕಟ್ಟು ಮುರಿಯುವುದು ಈ ತಪ್ಪಿನಿಂದಲೇ.

ಡಿಕಂಪ್ರೆಷನ್ ಲಿವರನ್ನು ಎತ್ತಿ, ಸರಿಯಾದ ದಿಕ್ಕಿಗೆ ಮೆಲ್ಲನೆ ಆರಂಭಿಸಿ ವೇಗ ಹೆಚ್ಚಿಸುತ್ತ ಹೋಗಬೇಕು. ಹತ್ತು-ಹದಿನೈದು ಸುತ್ತುಗಳ ಬಳಿಕ, ವೇಗ ಚೆನ್ನಾಗಿ ಬಂದಾಗ, ಜೊತೆಯವನು ಲಿವರನ್ನು ಬಿಡಬೇಕು. ತಿರುಗಿಸುವವನು ಅರ್ಧಕ್ಕೆ ನಿಲ್ಲದೆ ಇನ್ನೊಂದು-ಎರಡು ಸುತ್ತು ಪೂರೈಸಬೇಕು. ಅರೆಮನಸ್ಸಿನಿಂದ, ವೇಗ ಬರುವ ಮುನ್ನವೇ ಲಿವರ್ ಬಿಟ್ಟರೆ ಪಿಸ್ಟನ್ ಮೇಲಿನ ತುದಿ ದಾಟುವ ಮೊದಲೇ ದಹನವಾಗಿ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಅಪರೂಪಕ್ಕೆ ಅದು ಉಲ್ಟಾ ದಿಕ್ಕಿಗೇ ಓಡಲಾರಂಭಿಸುವುದುಂಟು. ಹೊಗೆಕೊಳವೆಯಿಂದ ಗಾಳಿಯೆಳೆದು, ಏರ್ ಕ್ಲೀನರಿನಿಂದ ಹೊಗೆಯುಗುಳುವುದು ಅದರ ಗುರುತು. ತಕ್ಷಣ ಇಂಧನ ನಿಲ್ಲಿಸಬೇಕು.

ನಡೆದ ಮೇಲೆ ನಾಲ್ಕೈದು ನಿಮಿಷ ಹೊರೆಯಿಲ್ಲದೆ ಓಡಿಸಿ, ಆಯಿಲ್ ಹರಿಯುತ್ತಿದೆಯೇ, ನೀರು ಸುತ್ತುತ್ತಿದೆಯೇ ಎಂದು ನೋಡಿ, ವೋಲ್ಟೇಜು ಮತ್ತು ಆವರ್ತನ ಸ್ಥಿರವಾದ ನಂತರವೇ ಹೊರೆ ಹಾಕಬೇಕು. ಮೊದಲು ಮೋಟಾರು, ಆಮೇಲೆ ದೀಪಗಳು ಎಂಬ ಕ್ರಮವನ್ನು ಪಾಲಿಸಬೇಕು.

ನಡೆಯದಿದ್ದಾಗ

ಮೂರು ಯತ್ನಗಳಲ್ಲಿ ನಡೆಯದಿದ್ದರೆ ತೋಳು ಸೋಲುವವರೆಗೆ ತಿರುಗಿಸುವುದು ವ್ಯರ್ಥ. ಕಾರಣ ಮೂರರಲ್ಲೊಂದು ಆಗಿರುತ್ತದೆ: ಒತ್ತುವಿಕೆ ಇಲ್ಲ, ಇಂಧನದ ಸಿಂಪಡಣೆ ಸರಿಯಿಲ್ಲ, ಅಥವಾ ಸಿಂಪಡಣೆಯ ಸಮಯ ತಪ್ಪಿದೆ.

ಇಂಧನ ನಿಲ್ಲಿಸಿ, ಲಿವರ್ ಇಳಿಸಿ, ಫ್ಲೈವೀಲನ್ನು ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಒತ್ತುವಿಕೆ ಚೆನ್ನಾಗಿದ್ದರೆ ಅದು ಚೆಂಡಿನಂತೆ ಹಿಂದಕ್ಕೆ ಪುಟಿಯುತ್ತದೆ. ಮೆತ್ತಗೆ ದಾಟಿಹೋದರೆ ವಾಲ್ವು ಕೂರುತ್ತಿಲ್ಲ, ರಿಂಗು ಅಂಟಿಕೊಂಡಿದೆ ಅಥವಾ ಗ್ಯಾಸ್ಕೆಟ್ ಹೋಗಿದೆ ಎಂದು ತಿಳಿಯಬೇಕು. ಬಹುಕಾಲ ನಿಂತ ಎಂಜಿನ್ನಿನಲ್ಲಿ ರಿಂಗುಗಳ ಮೇಲಿನ ಎಣ್ಣೆ ಒಣಗಿರುತ್ತದೆ. ಗಾಳಿದಾರಿಯಲ್ಲಿ ಒಂದು ಚಮಚೆಯಷ್ಟು ಎಂಜಿನ್ ಆಯಿಲ್ ಬಿಟ್ಟು, ಲಿವರ್ ಎತ್ತಿ ಕೆಲವು ಸುತ್ತು ತಿರುಗಿಸಿದರೆ ಒತ್ತುವಿಕೆ ಮರಳುವುದುಂಟು. ಚಳಿಗಾಲದ ಮುಂಜಾನೆ ಜಾಕೆಟ್ಟಿನಲ್ಲಿ ಬಿಸಿನೀರು ತುಂಬುವುದೂ ಸಹಾಯಕ.

ಸಿಂಪಡಣೆ ನೋಡಲು ಇಂಜೆಕ್ಟರನ್ನು ಹೊರತೆಗೆದು ಪರೀಕ್ಷಾ ಪಂಪಿರುವ ವರ್ಕ್‌ಶಾಪಿನಲ್ಲಿ ಪರೀಕ್ಷಿಸಬೇಕು. ಮಂಜಿನಂತೆ ಚದುರಬೇಕಾದ ಡೀಸೆಲ್ ಹನಿಯಾಗಿ ತೊಟ್ಟಿಕ್ಕಿದರೆ ನಾಜಲ್ ಬದಲಿಸಬೇಕು. ನಾಜಲಿನ ಮುಂದೆ ಬೆರಳು ಹಿಡಿಯಲೇಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ರಕ್ತಕ್ಕೆ ಸೇರಬಲ್ಲದು.

ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಗಾಳಿದಾರಿಗೆ ಹಿಡಿಯುವುದು, ಈಥರ್ ಸಿಂಪಡಿಸುವುದು ಕೆಲವೆಡೆ ರೂಢಿಯಲ್ಲಿದೆ. ಕೈಯಿಂದ ತಿರುಗಿಸುವ ಎಂಜಿನ್ನಿನಲ್ಲಿ ಇದು ತೀರ ಅಪಾಯಕರ. ಅವು ಡೀಸೆಲಿಗಿಂತ ಮೊದಲೇ ಹೊತ್ತಿ ರಿಂಗು ಮುರಿಯುತ್ತವೆ, ಹ್ಯಾಂಡಲ್ ಹಿಡಿದವನ ಕೈಯನ್ನೂ ಮುರಿಯುತ್ತವೆ.

ಓಡುವಾಗಿನ ಲಕ್ಷಣಗಳು

ಹೊಗೆಯ ಬಣ್ಣ ಎಂಜಿನ್ನಿನ ನಾಡಿ. ಕಪ್ಪು ಹೊಗೆ ಅತಿಹೊರೆ, ಕಟ್ಟಿದ ಏರ್ ಕ್ಲೀನರ್ ಅಥವಾ ಕೆಟ್ಟ ನಾಜಲಿನ ಸೂಚನೆ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನು ತೋರಿಸುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ಣ ಉರಿಯುತ್ತಿಲ್ಲ ಅಥವಾ ಸಿಲಿಂಡರಿಗೆ ನೀರು ಸೇರುತ್ತಿದೆ. ಪ್ರತಿ ಸುತ್ತಿಗೂ 'ಟಕ್' ಎನ್ನುವ ಲೋಹದ ಸದ್ದು ಹೊಸದಾಗಿ ಕೇಳಿಬಂದರೆ ಎಲ್ಲಕ್ಕಿಂತ ಮೊದಲು ಫ್ಲೈವೀಲಿನ ಕೀ ನೋಡಬೇಕು.

ಹೆಚ್ಚು ವಿದ್ಯುತ್ ಬೇಕೆಂದು ಗವರ್ನರ್ ಬಿಗಿದು 650 ಸುತ್ತಿನ ಎಂಜಿನ್ನನ್ನು 850 ಸುತ್ತಿಗೆ ಏರಿಸುವುದು ಮಹಾಪರಾಧ. ಫ್ಲೈವೀಲಿನೊಳಗಿನ ಸೆಳೆತ ವೇಗದ ವರ್ಗದಂತೆ ಹೆಚ್ಚುತ್ತದೆ. ಈ ಲೆಕ್ಕದಲ್ಲಿ ಅದು ಶೇ. 71ರಷ್ಟು ಏರುತ್ತದೆ. ಹಳೆಯ ಬೀಡುಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಚಕ್ರ ಸಿಡಿದು ಗೋಡೆಯನ್ನೇ ತೂರಬಲ್ಲದು. ವರ್ಷಕ್ಕೊಮ್ಮೆ ಫ್ಲೈವೀಲನ್ನು ಚಿಕ್ಕ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಂಟೆಯಂತೆ ನುಡಿದರೆ ಒಳ್ಳೆಯದು, ಒಡಕು ಮಡಕೆಯಂತೆ ನುಡಿದರೆ ಅದನ್ನು ಬಳಸಕೂಡದು.

ಪಂಪಿನ ರ‍್ಯಾಕ್ ಸಿಕ್ಕಿಕೊಂಡು ಎಂಜಿನ್ ಹಿಡಿತ ತಪ್ಪಿ ಓಡಿದರೆ ಇಂಧನದ ಕಾಕ್ ಮುಚ್ಚುವುದರ ಜೊತೆಗೆ ಗಾಳಿದಾರಿಯನ್ನು ಮರದ ಹಲಗೆಯಿಂದ ಮುಚ್ಚಬೇಕು. ಅಳತೆಗೆ ತಕ್ಕ ಹಲಗೆಯೊಂದನ್ನು ಪಕ್ಕದಲ್ಲೇ ತೂಗುಹಾಕಿರಬೇಕು. ಅಂಗೈ ಅಥವಾ ಬಟ್ಟೆಯಿಂದ ಮುಚ್ಚಬಾರದು.

ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಹೊರೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಸಿಲಿಂಡರ್ ಸಾಕಷ್ಟು ಬಿಸಿಯಾಗದೆ ಮಸಿ ಕಟ್ಟುತ್ತದೆ, ಹೊಗೆಕೊಳವೆಯಿಂದ ಕಪ್ಪೆಣ್ಣೆ ಸೋರುತ್ತದೆ. ನಿಲ್ಲಿಸುವಾಗ ಹೊರೆ ತೆಗೆದು ಐದು ನಿಮಿಷ ಓಡಿಸಿ, ಪಂಪಿನ ರ‍್ಯಾಕಿನಿಂದಲೇ ನಿಲ್ಲಿಸಬೇಕು. ಡಿಕಂಪ್ರೆಷನ್ ಲಿವರ್ ಎತ್ತಿ ನಿಲ್ಲಿಸುವ ಅಭ್ಯಾಸದಿಂದ ವಾಲ್ವು ಮತ್ತು ಅದರ ಪೀಠ ಹಾಳಾಗುತ್ತವೆ.

ಗಾಳಿ, ನೀರು, ಡೀಸೆಲ್, ಆಯಿಲ್

ಈ ನಾಲ್ಕರ ಶುದ್ಧತೆಯಲ್ಲೇ ಎಂಜಿನ್ನಿನ ಆಯುಸ್ಸು ಅಡಗಿದೆ.

ಅಕ್ಕಿ ಗಿರಣಿಯ ಗಾಳಿಯಲ್ಲಿ ತವುಡಿನ ಪುಡಿಯೂ ಹೊಟ್ಟಿನ ಬೂದಿಯೂ ತೇಲುತ್ತಿರುತ್ತವೆ. ಹೊಟ್ಟಿನ ಬೂದಿಯ ಬಹುಭಾಗ ಸಿಲಿಕಾ, ಅಂದರೆ ಮರಳಿನ ಮೂಲವಸ್ತುವೇ. ಅದು ಸಿಲಿಂಡರಿಗೆ ಸೇರಿದರೆ ಉಪ್ಪುಕಾಗದದಂತೆ ತಿಕ್ಕುತ್ತದೆ. ಎಣ್ಣೆತೊಟ್ಟಿಯಿರುವ ಏರ್ ಕ್ಲೀನರನ್ನು ಹೊಂದಿಸಿ, ಗಾಳಿಯನ್ನು ಗಿರಣಿಯ ಒಳಗಿನಿಂದಲ್ಲದೆ ಹೊರಗೋಡೆಯ ಕಡೆಯಿಂದ ಎಳೆದುಕೊಳ್ಳುವಂತೆ ಕೊಳವೆ ಹಾಕುವುದು ಉತ್ತಮ. ಸುಗ್ಗಿಯಲ್ಲಿ ಅದರ ಎಣ್ಣೆಯನ್ನು ವಾರಕ್ಕೊಮ್ಮೆ ಬದಲಿಸಬೇಕು.

ಡ್ರಮ್ಮಿನಿಂದ ತಾನಾಗಿ ನೀರು ಸುತ್ತುವ ವ್ಯವಸ್ಥೆ ಸರಳವೂ ನಂಬಿಗಸ್ತವೂ ಆದುದು. ಕೊಳವೆ ಎಂಜಿನ್ನಿನಿಂದ ಡ್ರಮ್ಮಿನವರೆಗೆ ಎಲ್ಲಿಯೂ ತಗ್ಗದೆ ಏರುತ್ತಲೇ ಹೋಗಬೇಕು. 6 ಅಶ್ವಶಕ್ತಿಯ ಎಂಜಿನ್ ಪೂರ್ಣ ಹೊರೆಯಲ್ಲಿ ನೀರಿಗೆ ಸುಮಾರು 4 ಕಿಲೋವ್ಯಾಟ್ ಶಾಖ ಬಿಡುತ್ತದೆ ಎಂದು ಹಿಡಿದರೆ, 200 ಲೀಟರಿನ ಒಂದು ಡ್ರಮ್ಮಿನ ನೀರು 35 ಡಿಗ್ರಿಯಿಂದ 80 ಡಿಗ್ರಿಗೆ ಏರಲು ಎರಡೂವರೆ ಗಂಟೆ ಸಾಕು. ಡ್ರಮ್ಮಿನ ಮೈಯಿಂದ ಆರಿಹೋಗುವ ಶಾಖ ಈ ಅವಧಿಯನ್ನು ಕೊಂಚ ಹೆಚ್ಚಿಸಬಹುದು. ನಮ್ಮ ಬೇಸಿಗೆಯಲ್ಲಿ ದೀರ್ಘಕಾಲ ಓಡಿಸಬೇಕಾದರೆ ಎರಡು ಡ್ರಮ್ಮು ಜೋಡಿಸುವುದು ಲೇಸು. ಗಡಸು ಕೊಳವೆಬಾವಿಯ ನೀರು ಜಾಕೆಟ್ಟಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ಮಳೆನೀರು ಅಥವಾ ಸೋಸಿದ ನಾಲೆಯ ನೀರನ್ನು ತುಂಬಿ ಅದನ್ನೇ ಮತ್ತೆ ಮತ್ತೆ ಸುತ್ತಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರಿಯುತ್ತದೆ.

ಡೀಸೆಲನ್ನು ಡ್ರಮ್ಮಿನಲ್ಲಿ ಒಂದು ದಿನ ಅಲುಗಿಸದೆ ಇಟ್ಟು, ತಳದ ನೀರು ಮತ್ತು ಕಸವನ್ನು ಬಿಟ್ಟು ಮೇಲಿನದನ್ನು ಸೋಸಿ ತುಂಬಬೇಕು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂದಿರುವ ಬಿ.ಎಸ್.-6 ಡೀಸೆಲಿನಲ್ಲಿ ಗಂಧಕ ದಶಲಕ್ಷಕ್ಕೆ 10 ಭಾಗ ಮಾತ್ರ. ಪಂಪಿನ ಪ್ಲಂಜರಿಗೆ ಬೇಕಾದ ಜಾರುಗುಣವನ್ನು ಕಾಯಲು ಅದಕ್ಕೆ ಪ್ರತ್ಯೇಕ ದ್ರವ್ಯ ಸೇರಿಸಿರುತ್ತಾರೆ. ಸೀಮೆಎಣ್ಣೆ ಬೆರೆಸಿದರೆ ಈ ಗುಣ ತಗ್ಗಿ ಪಂಪು ಬೇಗ ಸವೆಯುತ್ತದೆ. ಅಂತಹ ಉಳಿತಾಯ ಉಳಿತಾಯವಲ್ಲ.

ಆಯಿಲ್ ಫಿಲ್ಟರ್ ಇಲ್ಲದ ಹಳೆಯ ಮಾದರಿಗಳಲ್ಲಿ ಕೊಳೆ ಆಯಿಲಿನಲ್ಲೇ ಉಳಿಯುತ್ತದೆ. ಆದುದರಿಂದ ಬದಲಿಸುವ ಅವಧಿಯೇ ಅದರ ಫಿಲ್ಟರ್ ಎನ್ನಬಹುದು. ತಯಾರಕರ ಪುಸ್ತಿಕೆ ಬೇರೆ ಹೇಳದಿದ್ದಲ್ಲಿ ಎಸ್.ಎ.ಇ. 30 ಅಥವಾ ಬಿರುಬೇಸಿಗೆಗೆ 40ರ ಆಯಿಲನ್ನು ಸುಮಾರು 100 ಗಂಟೆಗೊಮ್ಮೆ ಬದಲಿಸಬೇಕು.

ಪಾಲನೆಯ ವೇಳಾಪಟ್ಟಿ

ಪ್ರತಿ ವಾರ: ಅರ್ಧ ಗಂಟೆ, ಕನಿಷ್ಠ ಅರ್ಧ ಹೊರೆಯಲ್ಲಿ ಓಡಿಸುವುದು.
100 ಗಂಟೆ, ಅಥವಾ ಆರು ತಿಂಗಳು: ಆಯಿಲ್ ಬದಲಾವಣೆ, ಬೆಲ್ಟಿನ ಬಿಗಿ, ಡೀಸೆಲ್ ಟ್ಯಾಂಕಿನ ತಳ ಶುದ್ಧಿ.
250 ಗಂಟೆ, ಅಥವಾ ಒಂದು ವರ್ಷ: ಇಂಧನ ಫಿಲ್ಟರ್, ವಾಲ್ವಿನ ಸಂದಿ, ಎಲ್ಲ ಬೋಲ್ಟುಗಳ ಬಿಗಿ, ಭೂಸಂಪರ್ಕದ ಪರೀಕ್ಷೆ.
500 ಗಂಟೆ: ಇಂಜೆಕ್ಟರ್ ಪರೀಕ್ಷೆ, ಹೊಗೆಕೊಳವೆಯ ಮಸಿ ತೆಗೆಯುವುದು, ಜಾಕೆಟ್ಟಿನ ಪರಿಶೀಲನೆ.
ಸುಮಾರು 1500 ಗಂಟೆ: ಹೆಡ್ಡು ಬಿಚ್ಚಿ ವಾಲ್ವು ಉಜ್ಜುವುದು, ರಿಂಗು ಮತ್ತು ಬೇರಿಂಗುಗಳ ಅಳತೆ.

ತುರ್ತಿಗಾಗಿ ಮಾತ್ರ ಇಟ್ಟ ಎಂಜಿನ್ನಿನಲ್ಲಿ ಗಂಟೆಗಳು ಕೂಡುವುದಿಲ್ಲ. ಅಲ್ಲಿ ಗಡಿಯಾರವನ್ನಲ್ಲ, ಪಂಚಾಂಗವನ್ನು ನೋಡಿ ಕೆಲಸ ಮಾಡಬೇಕು.

ಸುರಕ್ಷತೆ ಮತ್ತು ನಿಯಮ

ಜನರೇಟರನ್ನು ಚೇಂಜ್ ಓವರ್ ಸ್ವಿಚ್ ಇಲ್ಲದೆ ಗಿರಣಿಯ ತಂತಿಗೆ ಸೇರಿಸಿದರೆ ವಿದ್ಯುತ್ ಹಿಂದಕ್ಕೆ ಜೆಸ್ಕಾಂ ಮಾರ್ಗಕ್ಕೆ ಹರಿಯುತ್ತದೆ. ಪರಿವರ್ತಕದಲ್ಲಿ ಅದು ಮತ್ತೆ ಸಾವಿರಾರು ವೋಲ್ಟಿಗೆ ಏರಿ, ಕಡಿತವಾಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣ ತೆಗೆಯುತ್ತದೆ. ಇದು ಎಷ್ಟು ಹೇಳಿದರೂ ಸಾಲದ ಮಾತು. ಎರಡು ಪ್ರತ್ಯೇಕ ಭೂಸಂಪರ್ಕ, ಬೆಲ್ಟು ಮತ್ತು ಫ್ಲೈವೀಲಿಗೆ ಜಾಲರಿ, ಹೊಗೆಯನ್ನು ಕೋಣೆಯಿಂದ ಹೊರಗೊಯ್ಯುವ ಕೊಳವೆ ಕಡ್ಡಾಯವೆಂದೇ ಭಾವಿಸಬೇಕು. ಮುಚ್ಚಿದ ಕೋಣೆಯ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜೋಡಣೆಗೆ ಮುನ್ನ ಜೆಸ್ಕಾಂ ಕಚೇರಿಯನ್ನೂ ವಿದ್ಯುತ್ ಪರಿವೀಕ್ಷಕರನ್ನೂ ವಿಚಾರಿಸುವುದು ಅವಶ್ಯ.

ಹೊಸದಾಗಿ ಮಾರಾಟವಾಗುವ ಜನರೇಟರ್ ಸೆಟ್‌ಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಾಲ್ಕನೆಯ ಹಂತದ ಹೊಗೆಮಿತಿ 2023ರ ಜುಲೈ 1ರಿಂದ ಜಾರಿಯಲ್ಲಿದೆ. ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಎಂಬ ಶಬ್ದಮಿತಿಯೂ ಇದೆ. ಹೊಸದನ್ನು ಕೊಳ್ಳುವವರು ಅಗ್ಗಕ್ಕೆ ಮರುಳಾಗದೆ ಪ್ರಮಾಣಪತ್ರ ಕೇಳಿ ಪಡೆಯಬೇಕು.

ಉಳಿಸಬೇಕೇ, ಬಿಡಬೇಕೇ

ಇಂತಹ ಚಿಕ್ಕ ಸೆಟ್ ಪೂರ್ಣ ಹೊರೆಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.4 ಲೀಟರ್ ಡೀಸೆಲ್ ಬಳಸುತ್ತದೆ. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಯೂನಿಟ್ಟಿಗೆ 36 ರೂಪಾಯಿ ಡೀಸೆಲಿಗೇ ಹೋಗುತ್ತದೆ. ಕಾಲು ಹೊರೆಯಲ್ಲಿ ಇದು 50 ರೂಪಾಯಿ ಮೀರಬಹುದು. ಆದುದರಿಂದ ಕೇವಲ ದೀಪ ಮತ್ತು ಕಂಪ್ಯೂಟರಿಗೆ ಇನ್ವರ್ಟರ್ ಸಾಕು. ಇಡೀ ಗಿರಣಿ ನಡೆಯಬೇಕಾದರೆ ಅದಕ್ಕೆ ತಕ್ಕ ಹೊಸ ಸೆಟ್ ಬೇಕು. ಇವೆರಡರ ನಡುವೆ, ನಿಲ್ಲಬಾರದ ಒಂದು ಪಂಪು, ಒಂದು ಹಲ್ಲರ್, ಕೆಲವು ದೀಪಗಳ ಮಟ್ಟಿಗೆ ಹಳೆಯ ಎಂಜಿನ್ ಈಗಲೂ ತನ್ನ ಜಾಗವನ್ನು ಸಮರ್ಥಿಸಿಕೊಳ್ಳುತ್ತದೆ.

ಆದರೆ ಒಂದು ಷರತ್ತು. ಎಂಜಿನ್ನಿನ ಪಕ್ಕದ ಗೋಡೆಗೆ ಚಾಲನೆಯ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಬೇಕು. ಒಂದು ದಿನಚರಿ ಪುಸ್ತಕವಿಟ್ಟು ಓಡಿದ ಗಂಟೆ, ಹಾಕಿದ ಆಯಿಲ್, ಕಂಡ ದೋಷ, ಮಾಡಿದ ದುರಸ್ತಿಗಳನ್ನು ದಿನಾಂಕದೊಡನೆ ಬರೆಸಬೇಕು. ಹಳೆಯ ಡ್ರೈವರನ ಜೊತೆ ವಾರಕ್ಕೊಮ್ಮೆ ಇಬ್ಬರು ಹೊಸಬರನ್ನು ನಿಲ್ಲಿಸಿ ಅವರ ಕೈಯಿಂದಲೇ ಚಾಲೂ ಮಾಡಿಸಬೇಕು. ಖರ್ಚು ಅರ್ಧ ಗಂಟೆಯ ಡೀಸೆಲ್ ಮಾತ್ರ. ಬಾಯ್ಲರಿನಲ್ಲಿ ಬೆಂಕಿಯಿದ್ದು ಕರೆಂಟು ಹೋದ ರಾತ್ರಿ, ಆ ಖರ್ಚಿನ ಬೆಲೆ ಎಷ್ಟೆಂಬುದು ಗಿರಣಿ ಮಾಲೀಕರಿಗೆ ತಾನಾಗಿ ತಿಳಿಯುತ್ತದೆ.